ಬಂದೂಕು ಇರುವಾಗ ಬರಿಗೈ ಕಾಳಗ ಯಾಕೆ?

ಪ್ರಶ್ನೆ: ನನ್ನ ತಮ್ಮ ಎಂಟು ವರ್ಷದಿಂದ ಕರಾಟೆ ಕಲಿಯುತ್ತಿದ್ದಾನೆ, ಈಗ ಸೇನೆ ಸೇರುವ ತಯಾರಿಯಲ್ಲಿದ್ದಾನೆ. ಸೈನಿಕರ ಕೈಯಲ್ಲಿ ಬಂದೂಕು ಇರುವಾಗ ಬರಿಗೈ ಕಾಳಗ ಕಲಿಸುವುದು ಯಾಕೆ? ಇವನ ಕರಾಟೆ ಅಲ್ಲಿ ಕೆಲಸಕ್ಕೆ ಬರುತ್ತಾ?
— ಓದುಗರೊಬ್ಬರು, ಹಾವೇರಿ

ಉತ್ತರ: ಲಡಾಖ್‌ನ ಗಾಲ್ವಾನ್ ಕಣಿವೆಯಲ್ಲಿ ಚೀನಾ ಸೈನಿಕರ ಜೊತೆ ನಡೆದ ಕಾಳಗ ನೆನಪಿದೆ ಅಲ್ವಾ? ಗಡಿ ರೇಖೆಯ ಎರಡು ಕಿಲೋಮೀಟರ್ ಒಳಗೆ ಗುಂಡು ಹಾರಿಸಬಾರದು ಅಂತ 1996ರಲ್ಲೇ ಚೀನಾ ಜೊತೆ ಒಪ್ಪಂದ ಆಗಿತ್ತು. ಹಾಗಾಗಿ 2020ರ ಜೂನ್ 15ರ ರಾತ್ರಿ ನಡೆದದ್ದು ಕಲ್ಲು, ದೊಣ್ಣೆ, ಮೊಳೆ ಬಡಿದ ಸರಳುಗಳ ಹೊಡೆದಾಟ. ಸುತ್ತ ಕತ್ತಲೆ, ಕೆಳಗೆ ಕೊರೆಯುವ ನದಿ. ಕರ್ನಲ್ ಸಂತೋಷ್ ಬಾಬು ಸೇರಿ ನಮ್ಮ 20 ಜನ ಹುತಾತ್ಮರಾದರು.

ಇನ್ನು ಕರಾಟೆ ವಿಷಯ. ಇದಕ್ಕೆ ವಿಲಿಯಂ ಫೇರ್‌ಬೇರ್ನ್ ಅವರ ಕಥೆ ಹೇಳಬೇಕು. 1907ರಲ್ಲಿ ಶಾಂಘೈ ಪೊಲೀಸ್ ಸೇರಿದ ಬ್ರಿಟಿಷ್ ಮನುಷ್ಯ. ಹೊಸದರಲ್ಲೇ ಒಂದು ಗುಂಪು ಹಿಡಿದು ಚೆನ್ನಾಗಿ ಬಡಿಯಿತು, ಆಸ್ಪತ್ರೆ ಸೇರಬೇಕಾಯಿತು. ಎದ್ದು ಬಂದವರು ಜಪಾನಿನ ಬರಿಗೈ ಕಾಳಗ ಕಲೆ ಜುಜುತ್ಸು ಕಲಿತರು, ಜೂಡೋದಲ್ಲಿ ಬ್ಲ್ಯಾಕ್ ಬೆಲ್ಟ್ ಪಡೆದರು. 1940ರಲ್ಲಿ, ಐವತ್ತೈದರ ವಯಸ್ಸಿನಲ್ಲಿ, ಜೊತೆಗಾರ ಸೈಕ್ಸ್ ಜೊತೆ ಬ್ರಿಟನ್ನಿನ ಕಮಾಂಡೊಗಳಿಗೆ ಕಲಿಸಲು ನಿಂತಾಗ ಅವರು ಮಾಡಿದ್ದು ಒಂದೇ ಕೆಲಸ: ತಮಗೆ ಗೊತ್ತಿದ್ದದ್ದರಲ್ಲಿ ಬಹುಪಾಲನ್ನು ಬಿಟ್ಟುಬಿಟ್ಟರು. ಮುಷ್ಟಿ ಬೇಡ ಅಂದರು. ತಲೆಬುರುಡೆ ಗಟ್ಟಿ, ಬೆರಳ ಮೂಳೆ ಸಣ್ಣದು, ಗುದ್ದಿದವನ ಕೈಯೇ ಮುರಿಯುತ್ತದೆ, ಆಮೇಲೆ ಟ್ರಿಗರ್ ಒತ್ತುವುದು ಹೇಗೆ? ಅದರ ಬದಲು ಅಂಗೈ ಬುಡದಿಂದ ಗದ್ದಕ್ಕೆ ಕೆಳಗಿನಿಂದ ಒಂದು ಏಟು, ಅಂಗೈ ಅಂಚಿನ ಏಟು, ಮೊಣಕಾಲು. ಹೆಚ್ಚುಕಡಿಮೆ ಇಷ್ಟೇ, ಆದರೆ ನೂರಾರು ಸಲ.

ಯಾಕೆ ಅಂದರೆ ಸಮಯ ಇಲ್ಲ. ನಿಮ್ಮ ತಮ್ಮನಿಗೆ ಎಂಟು ವರ್ಷ ಸಿಕ್ಕಿತು, ಸೈನಿಕನಿಗೆ ಸಿಗುವುದು ಕೆಲವು ವಾರ. ಕ್ರಾವ್ ಮಗಾ ಎಂಬ ಬರಿಗೈ ಕಾಳಗ ಪದ್ಧತಿ ಕಟ್ಟಿದ ಇಮಿ ಲಿಖ್ಟೆನ್‌ಫೆಲ್ಡ್ ಅವರೂ 1948ರ ನಂತರ ಇಸ್ರೇಲ್ ಸೇನೆಯಲ್ಲಿ ಇದೇ ದಾರಿ ಹಿಡಿದರು. ತಲೆಮೇಲೆ ಹೆಲ್ಮೆಟ್, ಬೆನ್ನಿಗೆ ಭಾರ, ಚಳಿಗೆ ಮರಗಟ್ಟಿದ ಬೆರಳು, ಕಾಲಡಿ ಜಾರುವ ಕಲ್ಲು. ಇಂಥ ಕಡೆ ತಲೆಯೆತ್ತರ ಕಾಲು ಎತ್ತಿ ಒದೆಯಲು ಹೋದವನು ತಾನೇ ಬೀಳುತ್ತಾನೆ.

ಹಾಗಂತ ಕಲಿತದ್ದು ದಂಡ ಅಂತ ಖಂಡಿತ ಅಂದುಕೊಳ್ಳಬೇಡಿ. ಏಟು ತಿಂದೂ ಕಣ್ಣು ಮುಚ್ಚದೆ ನಿಲ್ಲುವುದು, ಎದುರಿನವನು ಎಷ್ಟು ದೂರ ಇದ್ದಾನೆ ಅಂತ ಅಂದಾಜು ಮಾಡುವುದು, ಉಸಿರು ಹಿಡಿತದಲ್ಲಿ ಇಟ್ಟುಕೊಳ್ಳುವುದು, ಇವು ಹೊಸಬರಿಗೆ ತುಂಬಾ ಕಷ್ಟ, ಇವನಿಗೆ ಆಗಲೇ ಬಂದಿರುತ್ತದೆ. ನಮ್ಮ ಬೆಳಗಾವಿಯಲ್ಲೇ ಸೇನೆಯ ಕಮಾಂಡೊ ಕೋರ್ಸ್ ನಡೆಯುತ್ತದೆ, ಮುಂದೊಂದು ದಿನ ಅಲ್ಲಿಗೂ ಹೋಗಬಹುದು. ಸೇನೆಯ ಉಸ್ತಾದರು, ಅಂದರೆ ತರಬೇತಿ ಕೊಡುವವರು, ನಿಲ್ಲುವುದು ಹೇಗೆ ಅಂತ ಮೊದಲಿನಿಂದ ಕಲಿಸಿದಾಗ "ನಮ್ಮ ಕ್ಲಾಸಲ್ಲಿ ಹೀಗಲ್ಲ" ಅನ್ನದಿದ್ದರೆ ಸಾಕು. ಸದ್ಯಕ್ಕೆ ಕರಾಟೆ ಬಿಡುವುದು ಬೇಡ, ಆದರೆ ಬೆಳಿಗ್ಗೆ ಓಟ ಜಾಸ್ತಿ ಮಾಡಲಿ. ಭರ್ತಿಗೆ 1.6 ಕಿಲೋಮೀಟರ್ ಓಡಿ ಪಾಸಾಗಲೇಬೇಕು.