ನೋವು ನಿಂತಿದ್ದಕ್ಕೆ ರೂಟ್ ಕೆನಾಲ್ ಬಿಡಬೇಡಿ

ಮಾತ್ರೆ ತಗೊಂಡ ಮೂರೇ ದಿನಕ್ಕೆ ಕೆಳಗಿನ ದವಡೆ ಹಲ್ಲಿನ ನೋವು ಹೋಯ್ತು, ಇನ್ನೂ ರೂಟ್ ಕೆನಾಲ್ ಬೇಕಾ, ಕೀಳಿಸಿಬಿಟ್ರೆ ಆಗಲ್ವಾ ಅಂತ ಕೇಳಿದ್ದೀರಿ. ಉಳಿಯೋ ಹಲ್ಲಾದ್ರೆ ಉಳಿಸಿಕೊಳ್ಳಿ ಸರ್. ನಾನೂ ತುಮಕೂರಿನವನೇ, ನಿಮ್ಮ ಹಾಗೇ ಲೆಕ್ಕ ಹಾಕಿ ಸುಮ್ಮನಿದ್ದೆ. ನಾಲ್ಕು ತಿಂಗಳಿಗೆ ಕೆನ್ನೆ ಬನ್ನಿನ ಥರ ಊದಿಕೊಳ್ತು.

ಹಲ್ಲಿನೊಳಗಿನ ನರ ಸತ್ತರೆ ನೋವು ತಾನಾಗೇ ನಿಲ್ಲುತ್ತೆ, ಸೋಂಕು ಮಾತ್ರ ಒಳಗೇ ಇರುತ್ತೆ. ಸತ್ತ ನರಕ್ಕೆ ರಕ್ತ ಹರಿಯಲ್ಲ, ಹಾಗಾಗಿ ಆಂಟಿಬಯಾಟಿಕ್ ಅಲ್ಲಿಗೆ ಮುಟ್ಟೋದೇ ಇಲ್ಲ. ಒಳಗಿಂದ ಕೆರೆದು ತೊಳೀಲೇಬೇಕು, ರೂಟ್ ಕೆನಾಲ್ ಅಂದ್ರೆ ಅದೇ. ಕೆಳಗಿನ ದವಡೆ ಹಲ್ಲಿಗೆ ಸಾಮಾನ್ಯವಾಗಿ ಎರಡು ಬೇರು, ಮೂರೋ ನಾಲ್ಕೋ ನಾಳ. ನನಗೆ ಮಾಡಿದಾಗ ಡಾಕ್ಟರು ಸೂಜಿಯಂಥ ಫೈಲ್‌ಗಳನ್ನ ಒಂದೊಂದಾಗಿ ಇಳಿಸಿ, ಮಧ್ಯೆ ಮಧ್ಯೆ ಸೋಡಿಯಂ ಹೈಪೋಕ್ಲೋರೈಟ್ ಅನ್ನೋ ಕ್ರಿಮಿ ಕೊಲ್ಲೋ ದ್ರಾವಣ ಬಿಡ್ತಿದ್ರು, ಥೇಟ್ ಬ್ಲೀಚಿಂಗ್ ಪೌಡರ್ ವಾಸನೆ. ಕೊನೆಗೆ ಗಟ್ಟಾ ಪರ್ಚಾ ಅನ್ನೋ ಗುಲಾಬಿ ಬಣ್ಣದ ಕಡ್ಡಿ ತುಂಬಿದ್ರು. ನೋವಾಗಿದ್ದು ಇಂಜೆಕ್ಷನ್ ಚುಚ್ಚಿದಾಗ ಅಷ್ಟೇ. ಬಾಯಿ ಅಗಲಿಸಿ ಅಗಲಿಸಿ ದವಡೆ ಸೋತಿದ್ದೇ ಹೆಚ್ಚು.

ಆಮೇಲೆ ಹಲ್ಲಿನ ಮೇಲೆ ಹಾಕೋ ಕ್ಯಾಪ್ ಮಾತ್ರ ಮುಂದೂಡಬೇಡಿ. ಮುದ್ದೆ ನುಂಗೋರಿಗೆ ಏನೂ ಭಯ ಇಲ್ಲ, ಆದ್ರೆ ಕ್ಯಾಪ್ ಇಲ್ಲದ ಹಲ್ಲಲ್ಲಿ ಹುರಿಗಾಳು ಕಡಿದ್ರೆ ಹಲ್ಲು ಸೀಳಬಹುದು. ಸೀಳು ಬೇರಿನವರೆಗೂ ಇಳಿದ್ರೆ ಆಗ ಕೀಳಿಸೋದೇ ಗತಿ.

ದುಡ್ಡಿನ ಚಿಂತೆಯಾದ್ರೆ ನಮ್ಮ ತುಮಕೂರಿನ ಅಗಳಕೋಟೆಯ ಸಿದ್ಧಾರ್ಥ ಡೆಂಟಲ್ ಕಾಲೇಜಲ್ಲಿ ವಿಚಾರಿಸಿ ನೋಡಿ. ಕಾಲೇಜು ಅಂದ್ಮೇಲೆ ಒಂದೆರಡು ಸಲ ಹೆಚ್ಚು ಓಡಾಡಬೇಕಾಗಬಹುದು. ಅಷ್ಟರಲ್ಲಿ ಜ್ವರ ಬಂದ್ರೆ, ಊತ ಕತ್ತಿನ ಕಡೆ ಇಳಿದ್ರೆ, ನುಂಗೋಕೆ ಕಷ್ಟ ಆದ್ರೆ ಅಪಾಯಿಂಟ್‌ಮೆಂಟ್ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.