ಸಿಗರೇಟಿಗೂ ತಟ್ಟೆಗೂ ಏನು ನಂಟು?

ನಿಮ್ಮ ತಮ್ಮ ಮೈಸೂರಿನ ಪಿಜಿ ಸೇರಿ ಸಿಗರೇಟ್ ಹಿಡಿದ ಮೇಲೆ ಬೆಳಗಿನ ತಿಂಡಿ ಬಿಟ್ಟಿದ್ದಾನೆ, ಎಲ್ಲದಕ್ಕೂ ಉಪ್ಪು ಸಾಲದು ಅಂತಾನೆ, ಸಿಗರೇಟ್ ಬಿಟ್ಟರೆ ದಪ್ಪ ಆಗ್ತೀನಿ ಅಂತ ಹೆದರ್ತಾನೆ, ಇದಕ್ಕೆಲ್ಲ ಸಂಬಂಧ ಇದೆಯಾ ಅಂತ ಕೇಳಿದ್ದೀರಿ. ಇದೆ. ನಾನು ಡಾಕ್ಟರಲ್ಲ, ನಾಲ್ಕು ವರ್ಷ ಹಾಗೇ ಬದುಕಿದವನು.

ನಮ್ಮದು ಮಂಡ್ಯ ಕಡೆಯ ಹಳ್ಳಿ. ಮನೆಯಲ್ಲಿ ಉಪ್ಸಾರು, ಬಸ್ಸಾರು ಅಂತ ದಿನಾ ಒಂದಲ್ಲ ಒಂದು ಸೊಪ್ಪು. ಓದಲು ಮೈಸೂರಿನ ಸರಸ್ವತಿಪುರಂಗೆ ಬಂದು ಸೊಪ್ಪು ಬಿಟ್ಟೆ, ಹೊಗೆಸೊಪ್ಪು ಹಿಡಿದೆ. (ಹುಣಸೂರು, ಪಿರಿಯಾಪಟ್ಟಣ ಪಕ್ಕದಲ್ಲೇ ಇವೆಯಲ್ಲ, ಅದೂ ನಮ್ಮ ಜಿಲ್ಲೆಗಳ ಬೆಳೆಯೇ ಇರಬಹುದು!) ಎಂಟಕ್ಕೆ ಏಳೋದು, ಒಂಬತ್ತಕ್ಕೆ ಕ್ಲಾಸು, ನಡುವೆ ಒಂದು ಟೀ, ಒಂದು ದಮ್ಮು. ಇಡ್ಲಿ ತಿನ್ನಲು ಕಾಸಿರಲಿಲ್ಲ ಅಂತಲ್ಲ, ಹಸಿವೇ ಇರುತ್ತಿರಲಿಲ್ಲ.

ಯಾಕೆಂದರೆ ಮಿದುಳಿನ ಹೈಪೋಥಲಾಮಸ್‌ನಲ್ಲಿ 'ಹೊಟ್ಟೆ ತುಂಬಿತು' ಅಂತ ಸುದ್ದಿ ಕೊಡುವ ನರಕೋಶಗಳಿವೆ. ನಿಕೋಟಿನ್ ಅವನ್ನೇ ಎಬ್ಬಿಸುತ್ತದೆ. 2011ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿದ್ದಾರೆ. ಆದರೆ ರಕ್ತದಲ್ಲಿನ ನಿಕೋಟಿನ್ ಸುಮಾರು ಎರಡು ಗಂಟೆಗೆ ಅರ್ಧಕ್ಕಿಳಿಯುತ್ತದೆ. ಹನ್ನೊಂದರ ಹೊತ್ತಿಗೆ ಹಸಿವು ಬಡ್ಡಿ ಸಮೇತ ವಾಪಸ್. ಆಗ ಕೈಗೆ ಸಿಗೋದು ಸಮೋಸ, ಬಜ್ಜಿ. ಅದಾದ ಮೇಲೆ ಮತ್ತೊಂದು ದಮ್ಮು, ಮಧ್ಯಾಹ್ನದ ಊಟಕ್ಕೂ ಕತ್ತರಿ. ಉಪ್ಪಿನ ವಿಷಯವೂ ಅಷ್ಟೇ: ಹೊಗೆಗೆ ನಾಲಿಗೆ, ಮೂಗು ಎರಡೂ ಮಂದವಾಗುತ್ತವೆ, ಹಾಗಾಗಿ ಖಾರ, ಉಪ್ಪು, ಕರಿದದ್ದು ಬಿಟ್ಟರೆ ಬೇರೇನೂ ರುಚಿಸೋಲ್ಲ.

ಎಲ್ಲವನ್ನೂ ಸಿಗರೇಟಿನ ತಲೆಗೆ ಕಟ್ಟಬೇಡಿ. ನಮ್ಮ ಪಿಜಿಯ ಸಾರು ನೋಡಿದ್ದರೆ ಸೇದದವನೂ ಊಟ ಬಿಡುತ್ತಿದ್ದ. ಮನೆ ಬಿಟ್ಟ ಹುಡುಗರಿಗೆ ಸೇದೋದು, ಊಟ ಬಿಡೋದು ಎರಡು ಚಟವೂ ಒಟ್ಟೊಟ್ಟಿಗೇ ಹತ್ತುತ್ತವೆ.

ಸೇದುವವರ ಮೈಯಲ್ಲಿ ವಿಟಮಿನ್ ಸಿ ಬೇಗ ಖರ್ಚಾಗುತ್ತದೆ. ಅವರಿಗೆ ದಿನಕ್ಕೆ 35 ಮಿಲಿಗ್ರಾಂ ಹೆಚ್ಚು ಬೇಕು ಅನ್ನೋದು ಅಮೆರಿಕದ ಪೋಷಣೆ ತಜ್ಞರ ಲೆಕ್ಕ. ದೇವರಾಜ ಮಾರುಕಟ್ಟೆಯಿಂದ ತಂದ ಒಂದು ಸೀಬೆಹಣ್ಣಿನಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚಿದೆ. ಹಣ್ಣು ತಿಂದರೆ ಹೊಗೆಯ ಪಾಪ ತೊಳೆಯುತ್ತದೆ ಅಂತ ಮಾತ್ರ ತಿಳಿಯಬಾರದು. ನಾನು ಹಾಗೇ ತಿಳಿದು ಎರಡು ವರ್ಷ ಹೆಚ್ಚಿಗೆ ಸೇದಿದೆ.

ದಪ್ಪ ಆಗೋ ಭಯ ಸುಳ್ಳಲ್ಲ. ಬಿಟ್ಟವರು ಒಂದು ವರ್ಷದಲ್ಲಿ ಸರಾಸರಿ 4-5 ಕೆಜಿ ಏರುತ್ತಾರೆ, ಹೆಚ್ಚಿನದು ಮೊದಲ ಮೂರು ತಿಂಗಳಲ್ಲೇ. ಕೆಲವರು ಇಳಿಯುವುದೂ ಉಂಟು. ನಾನು 6 ಕೆಜಿ ಏರಿದೆ, ಅಜ್ಜಿ ಖುಷಿಪಟ್ಟರು. ತೆಳ್ಳಗಿದ್ದೂ ಹೊಟ್ಟೆಯ ಸುತ್ತ ಕೊಬ್ಬು ಸೇರುವುದು ಸೇದುವವರಲ್ಲಿ ಜಾಸ್ತಿ ಅಂತ ಅವನಿಗೆ ಹೇಳಿ.

ಉಪದೇಶ ಬೇಡ. ಬೆಳಿಗ್ಗೆ ಟೀಗೆ ಮೊದಲು ಏನಾದರೂ ತಿನ್ನು ಅಂತಷ್ಟೇ ಕೇಳಿಕೊಳ್ಳಿ. ನನ್ನ ದಿನದ ಮೊದಲ ಸಿಗರೇಟ್ ತಪ್ಪಿದ್ದು ಹಾಗೇ. ಬಿಡಲು ಮನಸ್ಸು ಮಾಡಿದರೆ 1800-11-2356 ಉಚಿತ ಸಹಾಯವಾಣಿ ಇದೆ.

ಇನ್ನೊಂದು ಮಾತು, ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಹೊಗೆ ಒಳಗೆ ಹೋಗುತ್ತಿರುವಷ್ಟು ದಿನ ಮೈ ಕೆಫೀನನ್ನು ಬೇಗ ಕರಗಿಸುತ್ತದೆ, ಬಿಟ್ಟ ಮೇಲೆ ಅದೇ ಕಾಫಿ ಹೆಚ್ಚು ಹೊತ್ತು ಉಳಿಯುತ್ತದೆ. ಮೊದಲ ವಾರ ಕೈ ನಡುಗಿ, ನಿದ್ದೆ ಕೆಟ್ಟು, ಎಲ್ಲ ಸಿಗರೇಟಿನ ಹಂಬಲವೇ ಅಂದುಕೊಂಡಿದ್ದೆ. ದಿನಕ್ಕೆ ನಾಲ್ಕು ಲೋಟ ಫಿಲ್ಟರ್ ಕಾಫಿ ಕುಡಿಯುತ್ತಿದ್ದೆ. ಎರಡಕ್ಕೆ ಇಳಿಸಿದ ಮೇಲೆ ನಿದ್ದೆ ಬಂತು.