ಪರದೇಶದಲ್ಲಿ ಸ್ವಂತ ಕಸುಬು: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಹೊರದೇಶದಲ್ಲಿ ಕೈಕಸುಬು ಮಾಡುವವರಿಗೆ ಸ್ವಂತ ವ್ಯವಹಾರದ ತರಬೇತಿ ಬೇಕೆ, ಎಲ್ಲಿ ಸಿಗುತ್ತದೆ ಎಂದು ಕೇಳಿ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಐದನ್ನು ಇಲ್ಲಿ ಆಯ್ದುಕೊಂಡಿದ್ದೇವೆ.

ನನ್ನ ತಮ್ಮ ದುಬೈಯಲ್ಲಿ ಕಂಪನಿಯೊಂದರ ಎಲೆಕ್ಟ್ರಿಷಿಯನ್. ರಜೆ ಮೇಲೆ ಊರಿಗೆ ಬರುತ್ತಿದ್ದಾನೆ. ಮುಂದೆ ಅಲ್ಲೇ ಸ್ವಂತ ಕೆಲಸ ಹಿಡಿಯುವ ಆಸೆ. ಇಲ್ಲಿ ಯಾವ ತರಬೇತಿ ಕೊಡಿಸಲಿ? ವಾರದ ರಜೆಯಲ್ಲಿ ಹೊರಗಿನ ಕೆಲಸ ಮಾಡಿದರೆ ತಪ್ಪೇ?
– ಓದುಗರು, ಹರಿಹರ

ಎರಡನೆಯದಕ್ಕೆ ಮೊದಲು ಉತ್ತರ: ತಪ್ಪು, ಮಾಡಬಾರದು. ಕಂಪನಿ ವೀಸಾದಲ್ಲಿದ್ದವರು ಪರವಾನಗಿ ಇಲ್ಲದೆ ಮನೆಮನೆಗೆ ಹೋಗಿ ವೈರಿಂಗ್ ಮಾಡುವುದು ಅಲ್ಲಿನ ಕಾನೂನಿಗೆ ವಿರುದ್ಧ. ವರ್ಕ್ ಪರ್ಮಿಟ್ ಇಲ್ಲದವರನ್ನು ಕೆಲಸಕ್ಕೆ ಹಚ್ಚಿಕೊಂಡವರಿಗೆ 2024ರ ತಿದ್ದುಪಡಿಯ ನಂತರ 1 ಲಕ್ಷದಿಂದ 10 ಲಕ್ಷ ದಿರ್ಹಂವರೆಗೆ ದಂಡವಿದೆ. ಇನ್ನು ಕೆಲಸ ಮಾಡಿಸಿಕೊಂಡವರು ಹಣ ಕೊಡದಿದ್ದರೂ, ಕಾನೂನು ಮೀರಿ ಕೆಲಸ ಮಾಡಿದವನಿಗೆ ದೂರು ಕೊಡಲು ಮುಖವಿರುವುದಿಲ್ಲ.

‘ಫ್ರೀಲ್ಯಾನ್ಸ್ ವೀಸಾ ಮಾಡಿಸಿಕೊಡುತ್ತೇವೆ’ ಎನ್ನುವ ಏಜೆಂಟರ ಮಾತಿನಲ್ಲಿ ಅರ್ಧ ಸತ್ಯ ಮಾತ್ರ ಇರುತ್ತದೆ. ದುಬೈಯ ಫ್ರೀ ಝೋನ್‌ಗಳು (ವಿಶೇಷ ವ್ಯಾಪಾರ ವಲಯಗಳು) ಕೊಡುವ ಫ್ರೀಲ್ಯಾನ್ಸ್ ಪರವಾನಗಿ ಮಾಧ್ಯಮ, ವಿನ್ಯಾಸ, ಶಿಕ್ಷಣ, ತಂತ್ರಜ್ಞಾನದಂಥ ಕೆಲಸಗಳಿಗೆ. ಸ್ವಯಂ ಉದ್ಯೋಗಿಗಳ ಗ್ರೀನ್ ವೀಸಾಗೆ ಪದವಿ ಅಥವಾ ವಿಶೇಷ ಡಿಪ್ಲೊಮಾ ಬೇಕು, ಜೊತೆಗೆ 3,60,000 ದಿರ್ಹಂ ಆದಾಯದ ದಾಖಲೆ ತೋರಿಸಬೇಕು. ಎಲೆಕ್ಟ್ರಿಷಿಯನ್‌ಗೆ ಉಳಿಯುವ ದಾರಿ ಟ್ರೇಡ್ ಲೈಸೆನ್ಸ್ ಪಡೆದ ಸಂಸ್ಥೆ ಕಟ್ಟುವುದು. ವಿದ್ಯುತ್ ಗುತ್ತಿಗೆ ಎಂದ ಮೇಲೆ ಅಲ್ಲಿನ ವಿದ್ಯುತ್-ನೀರು ಪ್ರಾಧಿಕಾರದ ಒಪ್ಪಿಗೆಯೂ ಬೇಕು. 2021ರಿಂದ ಬಹುತೇಕ ವ್ಯವಹಾರಗಳಿಗೆ ಶೇ 51 ಪಾಲಿನ ಸ್ಥಳೀಯ ಪಾಲುದಾರ ಕಡ್ಡಾಯವಲ್ಲ. ‘ಅರಬ್ಬಿ ಪಾಲುದಾರನಿಗೆ ವರ್ಷಕ್ಕಿಷ್ಟು ಕೊಡಬೇಕು’ ಎಂದು ಯಾರಾದರೂ ಕೇಳಿದರೆ ಯಾವ ನಿಯಮದಡಿ ಎಂದು ಬರೆದು ಕೊಡಲು ಹೇಳಿ.

ಇನ್ನು ತರಬೇತಿ. ಕೆಲಸ ಗೊತ್ತಿರುವವನನ್ನು ತಿಂಗಳುಗಟ್ಟಲೆ ನಡೆಯುವ ಹೌಸ್ ವೈರಿಂಗ್ ಕೋರ್ಸಿಗೆ ಕೂರಿಸುವುದು ರಜೆ ಹಾಳು ಮಾಡಿದಂತೆ. ಅವನಿಗೆ ಬೇಕಿರುವುದು ಉದ್ಯಮಶೀಲತಾ ತರಬೇತಿ: ದರ ಕಟ್ಟುವುದು, ಕೊಟೇಶನ್ ಬರೆಯುವುದು, ಲೆಕ್ಕ ಇಡುವುದು, ಬಾಕಿ ವಸೂಲಿ. ಚಿತ್ರದುರ್ಗದಲ್ಲಿ ಸ್ವಉದ್ಯೋಗ ತರಬೇತಿ ಕೊಡುವ ರುಡ್‌ಸೆಟ್ ಸಂಸ್ಥೆ ಇದೆ. ಇದರ ಮೂಲ 1982ರಲ್ಲಿ ಉಜಿರೆಯಲ್ಲಿ ಶುರುವಾದದ್ದು. ದಾವಣಗೆರೆಯಲ್ಲಿ ಬ್ಯಾಂಕ್ ನಡೆಸುವ ಇಂಥದೇ ಸಂಸ್ಥೆ ಆರ್‌ಸೆಟಿ ಇದೆ. ತರಬೇತಿ, ಊಟ, ವಸತಿ ಉಚಿತ; ಮುಗಿದ ಮೇಲೂ ಎರಡು ವರ್ಷ ಬೆನ್ನಿಗೆ ನಿಂತು ವಿಚಾರಿಸುತ್ತಾರೆ. ಬ್ಯಾಚ್ ಯಾವಾಗ ಶುರುವಾಗುತ್ತದೆ ಎಂದು ಫೋನಿನಲ್ಲಿ ಕೇಳಿಕೊಂಡೇ ವಿಮಾನದ ಟಿಕೆಟ್ ತೆಗೆಸಿ. ಬ್ಯಾಚಿನ ನಡುವೆ ಸೇರಿಸಿಕೊಳ್ಳುವುದಿಲ್ಲ. ಈ ಸಂಸ್ಥೆಗಳ ಪ್ರಮಾಣಪತ್ರ ದುಬೈಯಲ್ಲಿ ಪರವಾನಗಿಯ ಜಾಗ ತುಂಬುವುದಿಲ್ಲ ಎಂಬುದೂ ನೆನಪಿರಲಿ. ಅಲ್ಲಿ ತೋರಿಸಬೇಕಾದ್ದು ಐಟಿಐ, ಡಿಪ್ಲೊಮಾ ದಾಖಲೆಗಳನ್ನು. ಒಂದೇ ಮೊಹರಿನಿಂದ ದಾಖಲೆ ಒಪ್ಪಿಕೊಳ್ಳುವ ಅಪೊಸ್ಟಿಲ್ ಒಪ್ಪಂದದಲ್ಲಿ ಯುಎಇ ಇಲ್ಲದ ಕಾರಣ ರಾಜ್ಯದ ದೃಢೀಕರಣ, ವಿದೇಶಾಂಗ ಸಚಿವಾಲಯ, ಆಮೇಲೆ ರಾಯಭಾರ ಕಚೇರಿ ಎಂಬ ಸರಣಿಯಲ್ಲೇ ಮೊಹರು ಹಾಕಿಸಬೇಕು. ರಜೆಯ ಮೊದಲ ವಾರವೇ ಇದನ್ನು ಶುರು ಮಾಡಿ.

ಪ್ಲಂಬರ್ ಕೆಲಸಕ್ಕೆ ಕುವೈತಿಗೆ ಕಳಿಸಲು ಏಜೆಂಟ್ 80 ಸಾವಿರ ಕೇಳುತ್ತಿದ್ದಾನೆ. ಕೊಡಬಹುದೇ? ನಾನು ಎಂಟನೇ ಕ್ಲಾಸ್.
– ಓದುಗರು, ಜಗಳೂರು

ಬೇಡ. ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ, ಮೇಲೆ ಜಿಎಸ್‌ಟಿ. ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲಿನಲ್ಲಿ ಅವನ ನೋಂದಣಿ ಸಂಖ್ಯೆ ಹುಡುಕಿ; ಇಲ್ಲದಿದ್ದರೆ ಮಾತೇ ಬೇಡ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ (ವಲಸೆ ಅನುಮತಿ ಬೇಕಾದ) ವರ್ಗಕ್ಕೆ ಸೇರುತ್ತದೆ. ಕುವೈತ್ ಸೇರಿ 18 ದೇಶಗಳಿಗೆ ಉದ್ಯೋಗಕ್ಕೆ ಹೋಗಲು ನಿಮಗೆ ವಲಸೆ ಅನುಮತಿ ಬೇಕು. ಅದರ ಜೊತೆಗೇ 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ಬಿಮಾ ಎಂಬ ವಿಮೆ ಬರುತ್ತದೆ. ಎರಡು ವರ್ಷಕ್ಕೆ ಕಂತು 275 ರೂಪಾಯಿ, ಮೂರು ವರ್ಷಕ್ಕೆ 375. ‘ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಾಯಿಸೋಣ’ ಎಂದರೆ ಈ ರಕ್ಷಣೆಯೆಲ್ಲ ಕೈತಪ್ಪುತ್ತದೆ. ಹೊರಡುವ ಮುಂಚಿನ ಒಂದು ದಿನದ ತಿಳಿವಳಿಕೆ ತರಬೇತಿಯನ್ನು ತಪ್ಪಿಸಬೇಡಿ.

ನಮ್ಮ ಹಕ್ಕಿಪಿಕ್ಕಿ ಕ್ಯಾಂಪಿನವರು ಆಫ್ರಿಕಾದ ದೇಶಗಳಿಗೆ ಕೂದಲೆಣ್ಣೆ ಮಾರಲು ಹೋಗುತ್ತಾರೆ. ಇದನ್ನು ಕ್ರಮವಾಗಿ ಮಾಡಲು ಏನು ಕಲಿಯಬೇಕು?
– ಓದುಗರು, ಚನ್ನಗಿರಿ ತಾಲ್ಲೂಕು

2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಸಿಕ್ಕಿಕೊಂಡವರಲ್ಲಿ ನಿಮ್ಮ ಕಡೆಯವರೂ ಇದ್ದರು. ‘ಆಪರೇಷನ್ ಕಾವೇರಿ’ಯಲ್ಲಿ ವಾಪಸ್ ಬಂದರು. ಅಂಥ ಹೊತ್ತಿನಲ್ಲಿ ಯಾರು ಎಲ್ಲಿದ್ದಾರೆ ಎಂಬ ಪಟ್ಟಿಯೇ ಆಧಾರ. ದೇಶ ತಲುಪಿದ ಕೂಡಲೇ ಭಾರತದ ರಾಯಭಾರ ಕಚೇರಿಯಲ್ಲಿ ಹೆಸರು, ವಿಳಾಸ, ಸ್ಥಳೀಯ ಮೊಬೈಲ್ ಸಂಖ್ಯೆ ಬರೆಸಿ. ಮಾರಾಟಕ್ಕೆ ಹೋಗುವವರು ಬಿಸಿನೆಸ್ ವೀಸಾ ಕೇಳಬೇಕು, ಟೂರಿಸ್ಟ್ ವೀಸಾ ಸಾಲದು. ಹಳದಿ ಜ್ವರದ ಲಸಿಕೆಯನ್ನು ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲಿ ಪ್ರಯಾಣಕ್ಕೆ ಕನಿಷ್ಠ 10 ದಿನ ಮುಂಚೆ ಹಾಕಿಸಿಕೊಳ್ಳಬೇಕು. ಒಮ್ಮೆ ಹಾಕಿಸಿದರೆ ಆ ಕಾರ್ಡ್ ಜೀವನಪೂರ್ತಿ ನಡೆಯುತ್ತದೆ.

ಸರಕಿನ ವಿಷಯಕ್ಕೆ ಬಂದರೆ, ಮಾರಾಟಕ್ಕೆ ಎಣ್ಣೆ ತಯಾರಿಸಲು 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯಡಿ ಲೈಸೆನ್ಸ್ ಬೇಕು. ಮನೆಮನೆಯಲ್ಲಿ ಕಾಯಿಸುವ ಬದಲು ಹತ್ತು ಹದಿನೈದು ಕುಟುಂಬ ಸೇರಿ ಒಂದೇ ಘಟಕ ಮಾಡಿಕೊಂಡರೆ ಲೈಸೆನ್ಸಿನ ಖರ್ಚೂ ಹಂಚಿಹೋಗುತ್ತದೆ, ಎಣ್ಣೆಯ ಬಣ್ಣ ವಾಸನೆಯೂ ಪ್ರತಿ ಸಲ ಒಂದೇ ಥರ ಬರುತ್ತದೆ. ರಫ್ತಿಗೆ ಐಇಸಿ (ಆಮದು-ರಫ್ತು ಮಾಡುವವರ ಗುರುತಿನ) ಸಂಖ್ಯೆ ಪಡೆಯಿರಿ: ಶುಲ್ಕ 500 ರೂಪಾಯಿ, ಪ್ಯಾನ್ ಮತ್ತು ಬ್ಯಾಂಕ್ ಖಾತೆ ಇದ್ದರೆ ಆನ್‌ಲೈನಿನಲ್ಲೇ ಸಿಗುತ್ತದೆ. ಪ್ರತಿವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಏನೂ ಬದಲಾಗದಿದ್ದರೂ ಅದನ್ನು ತೆರೆದು ದೃಢೀಕರಿಸಬೇಕು. ಮರೆತರೆ ಸಂಖ್ಯೆ ನಿಷ್ಕ್ರಿಯವಾಗಿ ಸರಕು ನಿಲ್ಲುತ್ತದೆ.

ಬಾಟಲಿ ಸೋರುವುದು ದೊಡ್ಡ ನಷ್ಟ. ಕಂಠದವರೆಗೆ ತುಂಬಿದರೆ ಬಿಸಿಲಿಗೆ ಎಣ್ಣೆ ಹಿಗ್ಗಿ ಮುಚ್ಚಳದಿಂದ ಹೊರಬರುತ್ತದೆ. ಹತ್ತರಲ್ಲಿ ಒಂದು ಭಾಗ ಖಾಲಿ ಬಿಡಿ, ಮುಚ್ಚಳದ ಕೆಳಗೆ ಫಾಯಿಲ್ ಸೀಲ್ ಹಾಕಿಸಿ. 100 ಮಿ.ಲೀ. ತೆಂಗಿನೆಣ್ಣೆ ಸುಮಾರು 92 ಗ್ರಾಂ ತೂಗುತ್ತದೆ. ಬಾಟಲಿ, ಪೆಟ್ಟಿಗೆ ಸೇರಿ 115 ಗ್ರಾಂ ಹಿಡಿದರೂ 23 ಕೆ.ಜಿ. ಲಗೇಜಿನಲ್ಲಿ 200 ಬಾಟಲಿ ದಾಟುವುದು ಕಷ್ಟ. ಅಷ್ಟು ಒಂದೇ ಥರದ ಬಾಟಲಿ ಕಂಡರೆ ಕಸ್ಟಮ್ಸ್‌ನವರು ವ್ಯಾಪಾರದ ಸರಕೆಂದೇ ನೋಡುತ್ತಾರೆ. ಇನ್‌ವಾಯ್ಸ್, ಪ್ಯಾಕಿಂಗ್ ಪಟ್ಟಿ ಮಾಡಿ ಕಾರ್ಗೋದಲ್ಲಿ ಕಳಿಸುವುದೇ ವಾಸಿ. ಲೇಬಲ್ ಮೇಲೆ ಪದಾರ್ಥಗಳು, ಬ್ಯಾಚ್ ಸಂಖ್ಯೆ, ತಯಾರಿಸಿದ ಮತ್ತು ಮುಗಿಯುವ ದಿನಾಂಕ ಇರಲಿ. ಪಶ್ಚಿಮ, ಮಧ್ಯ ಆಫ್ರಿಕಾದ ಹಲವು ದೇಶಗಳಿಗೆ ಫ್ರೆಂಚಿನಲ್ಲೂ ಬೇಕು. ‘ಬೋಳುತಲೆಗೆ ಗ್ಯಾರಂಟಿ’ ಎಂದು ಬರೆಯಬೇಡಿ. ನವಿಲುಗರಿ, ರಕ್ತಚಂದನದ ತುಂಡು ಚೀಲದಲ್ಲಿ ಇರಲೇಬಾರದು, ಅವುಗಳ ರಫ್ತಿಗೆ ನಿಷೇಧವಿದೆ. ವಾಪಸ್ ಬರುವಾಗ ವಿದೇಶಿ ನೋಟು 5,000 ಡಾಲರ್ ಮೀರಿದರೆ, ಅಥವಾ ನೋಟು, ಟ್ರಾವೆಲರ್ಸ್ ಚೆಕ್ ಎಲ್ಲ ಸೇರಿ 10,000 ಡಾಲರ್ ಮೀರಿದರೆ ವಿಮಾನ ನಿಲ್ದಾಣದಲ್ಲಿ ಘೋಷಿಸಿ ರಸೀದಿ ಪಡೆಯಿರಿ. ಬ್ಯಾಂಕ್ ಸಾಲ ಕೇಳುವಾಗ ಈ ರಸೀದಿಯೇ ನಿಮ್ಮ ವ್ಯಾಪಾರಕ್ಕೆ ಸಾಕ್ಷಿ.

ಸೌದಿಯಿಂದ ಬಂದಿದ್ದೇನೆ. ಊರಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಹಾಕಬೇಕು. ಸಬ್ಸಿಡಿ ಸಾಲ ಸಿಗುತ್ತದೆಯೇ? ದರ ಎಷ್ಟಿಡಲಿ?
– ಓದುಗರು, ಚಳ್ಳಕೆರೆ ತಾಲ್ಲೂಕು

ಪಿಎಂಇಜಿಪಿ (ಪ್ರಧಾನ ಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ) ಯೋಜನೆಯಲ್ಲಿ ಸೇವಾ ಘಟಕಕ್ಕೆ 20 ಲಕ್ಷದವರೆಗೆ ಅವಕಾಶ. 5 ಲಕ್ಷ ಮೀರಿದರೆ ಎಂಟನೇ ತರಗತಿ ಪಾಸಾಗಿರಬೇಕು. ಹಳ್ಳಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 25, ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತರು, ಮಹಿಳೆಯರಿಗೆ ಶೇ 35 ಸಬ್ಸಿಡಿ. 8 ಲಕ್ಷದ ಘಟಕಕ್ಕೆ ಶೇ 35 ಎಂದರೆ 2.8 ಲಕ್ಷ, ನಿಮ್ಮ ಕೈಯಿಂದ ಶೇ 5 ಅಂದರೆ 40 ಸಾವಿರ. ಸಬ್ಸಿಡಿ ಹಣ ಕೈಗೆ ಬರುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲಿ ಠೇವಣಿಯಾಗಿದ್ದು ಆಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಹೊರದೇಶದಿಂದ ಬಂದವರು ಎಡವುವುದು ಇಲ್ಲೇ: ಉಳಿತಾಯದ ಹುರುಪಿನಲ್ಲಿ ಯಂತ್ರ ಕೊಂಡು, ಬೋರ್ಡ್ ಹಾಕಿ, ಪೂಜೆ ಮಾಡಿ, ಆಮೇಲೆ ಅರ್ಜಿ ಹಾಕುತ್ತಾರೆ. ಹೊಸ ಘಟಕಕ್ಕೆ ಮಾತ್ರ ಈ ಯೋಜನೆ. ನಡೆಯುತ್ತಿರುವ ಅಂಗಡಿಗೆ ಇಲ್ಲ. ಮೊದಲು ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ.

ದರಕ್ಕೆ ಒಂದು ಮಾದರಿ ಲೆಕ್ಕ. ತಿಂಗಳಿಗೆ ಬಾಡಿಗೆ 5,000, ಕರೆಂಟು 2,500, ಹುಡುಗನ ಸಂಬಳ 14,000, ನಿಮ್ಮ ಸಂಬಳ 20,000, ಸಾಗಾಟ 2,500, ಸಲಕರಣೆ ಸವೆತ 1,000, ಸಾಲದ ಕಂತು 10,000. ಒಟ್ಟು 55,000, ವರ್ಷಕ್ಕೆ 6,60,000. ಬೇಸಿಗೆಯ ಐದು ತಿಂಗಳು 60ರಂತೆ 300, ಉಳಿದ ಏಳು ತಿಂಗಳು 20ರಂತೆ 140, ಒಟ್ಟು 440 ಮೋಟಾರ್ ಬಂದರೆ ತಲಾ ಕೂಲಿ 1,500 ಬೀಳುತ್ತದೆ. ತಂತಿ, ಬೇರಿಂಗ್ ಬೇರೆ. ಸುಗ್ಗಿಯ ತಿಂಗಳನ್ನಷ್ಟೇ ನೋಡಿ 55,000ವನ್ನು 60ರಿಂದ ಭಾಗಿಸಿ 917 ಎಂದು ದರ ಇಟ್ಟವರಿಗೆ ವರ್ಷದ ಕೊನೆಗೆ ಎರಡೂವರೆ ಲಕ್ಷ ಕೊರತೆ. ಎಷ್ಟೇ ಕೆಲಸ ಬಂದರೂ ದುಡ್ಡು ನಿಲ್ಲುವುದಿಲ್ಲ ಎಂದು ಆಮೇಲೆ ಗೊಣಗುತ್ತಾರೆ.

ಹಳೆ ತಾಮ್ರವನ್ನು ಗಿರಾಕಿಯ ಎದುರೇ ತೂಗಿ ಬಿಲ್ಲಿನಲ್ಲಿ ಬರೆಯಿರಿ. ತಂತಿಯ ಹಣ ಮೊದಲೇ ಪಡೆಯಿರಿ. ‘ಶೇಂಗಾ ಮಾರಿದ ಮೇಲೆ ಕೊಡ್ತೀನಿ’ ಎಂಬುದನ್ನು ಕೂಲಿಯ ಮಟ್ಟಿಗೆ ಒಪ್ಪಿಕೊಳ್ಳಬಹುದು, ತಾಮ್ರಕ್ಕೆ ಬೇಡ. ನೀರು ತುಂಬುವ ಸಬ್‌ಮರ್ಸಿಬಲ್ ಮೋಟಾರನ್ನು ಸುತ್ತಿದ ಮೇಲೆ ನೀರಲ್ಲಿಟ್ಟು ಮೆಗ್ಗರ್ (ತಂತಿಯಿಂದ ಕರೆಂಟ್ ಸೋರುತ್ತಿದೆಯೇ ಎಂದು ಅಳೆಯುವ ಮೀಟರ್) ಹಿಡಿದು ರೀಡಿಂಗ್ ಬರೆದಿಡಿ. ಒಂದು ಫೇಸ್ ಹೋಗಿ ಸುಟ್ಟರೆ ಗ್ಯಾರಂಟಿ ಇಲ್ಲ ಎಂದು ಬಿಲ್ಲಿನಲ್ಲೇ ಅಚ್ಚು ಹಾಕಿಸಿ.

ಎಲೆಕ್ಟ್ರಿಷಿಯನ್‌ಗೆ ಪಿಎಂ ವಿಶ್ವಕರ್ಮದಲ್ಲಿ 15,000 ರೂಪಾಯಿಯ ಟೂಲ್‌ಕಿಟ್ ಸಿಗುತ್ತದೆಯೇ?
– ಓದುಗರು, ಹೊಳಲ್ಕೆರೆ

ಇಲ್ಲ. ಸಾಂಪ್ರದಾಯಿಕ ಕುಶಲಕರ್ಮಿಗಳಿಗಾಗಿ ಇರುವ ಆ ಯೋಜನೆಯ 18 ಕಸುಬುಗಳಲ್ಲಿ ಬಡಗಿ, ಕಮ್ಮಾರ, ಗಾರೆ ಕೆಲಸದವರು, ದರ್ಜಿ ಇದ್ದಾರೆ. ಎಲೆಕ್ಟ್ರಿಷಿಯನ್, ಪ್ಲಂಬರ್ ಇಲ್ಲ. ನಿಮಗೆ ಮುದ್ರಾ ಸಾಲದ ಶಿಶು ವಿಭಾಗ ಸರಿಹೊಂದುತ್ತದೆ, 50,000ದವರೆಗೆ. ಜೊತೆಗೆ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಮಾಡಿಸಿಕೊಳ್ಳಿ. ಹೊಸ ಸಂಪರ್ಕದ ಕಾಗದಕ್ಕೆ ಬೆಸ್ಕಾಂ ಕೇಳುವುದು ಪರವಾನಗಿ ಇರುವ ಗುತ್ತಿಗೆದಾರನ ಸಹಿಯನ್ನು.